ಪರಮಾಣು ಪಾಠದಲ್ಲಿ ಆ ಎರಡು ವರ್ಷ ಎಲ್ಲಿ ಹೋಯ್ತು?

ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಪರಮಾಣುವಿನ ಬಗ್ಗೆ ಬಂದ ಬರಹ ಓದಿದೆ. ತಪ್ಪೇನೂ ಇಲ್ಲ. ಡಾಲ್ಟನ್, ಥಾಮ್ಸನ್, ರುದರ್‌ಫೋರ್ಡ್, ಬೋರ್, ನಾಲ್ಕು ಫೋಟೊ, ಪಕ್ಕದಲ್ಲಿ ಇಸವಿ. ಆದರೆ ಓದಿದ ಮಕ್ಕಳಿಗೆ ಉಳಿಯುವುದು ಇಷ್ಟೇ: ಒಬ್ಬರು ತಪ್ಪು ಹೇಳಿದರು, ಮುಂದಿನವರು ಬಂದು ತಿದ್ದಿದರು, ಮುಗೀತು. ಇದೆಲ್ಲ ಹೇಗೆ ಗೊತ್ತಾಯ್ತು ಅನ್ನುವುದೇ ಕಾಣೆ.

ಚಿನ್ನದ ಹಾಳೆಯ ಪ್ರಯೋಗವನ್ನೇ ತೆಗೆದುಕೊಳ್ಳಿ. ತೆಳು ಲೋಹದ ಹಾಳೆಗೆ ಆಲ್ಫಾ ಕಣಗಳನ್ನು, ಅಂದರೆ ರೇಡಿಯಂನಂಥ ವಸ್ತುಗಳಿಂದ ಹೊರಡುವ ಧನ ಚಾರ್ಜಿನ ಕಣಗಳನ್ನು, ಹೊಡೆದು ಅವು ಎತ್ತ ಹೋಗುತ್ತವೆ ಅಂತ ನೋಡುವ ಪ್ರಯೋಗ ಅದು. ‘ರುದರ್‌ಫೋರ್ಡ್ ಮಾಡಿದರು’ ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. 1909ರಲ್ಲಿ ಮ್ಯಾಂಚೆಸ್ಟರ್‌ನ ಕತ್ತಲೆ ಕೋಣೆಯಲ್ಲಿ ಕೂತು, ಮೈಕ್ರೊಸ್ಕೋಪಿಗೆ ಕಣ್ಣಿಟ್ಟು, ಜಿಂಕ್ ಸಲ್ಫೈಡ್ ಪರದೆಗೆ ಕಣ ಬಡಿದಾಗ ಏಳುವ ಸಣ್ಣ ಸಣ್ಣ ಮಿಂಚುಗಳನ್ನು ಒಂದೊಂದಾಗಿ ಎಣಿಸಿದವರು ಹ್ಯಾನ್ಸ್ ಗೈಗರ್ ಮತ್ತು ಅರ್ನೆಸ್ಟ್ ಮಾರ್ಸ್‌ಡೆನ್. ಮಾರ್ಸ್‌ಡೆನ್‌ಗೆ ಆಗ 20 ವರ್ಷ. ಇನ್ನೂ ಡಿಗ್ರಿ ಮುಗಿಸಿರಲಿಲ್ಲ. ಆಲ್ಫಾ ಕಣ ಯಾವುದಾದರೂ ದೊಡ್ಡ ಕೋನದಲ್ಲಿ ತಿರುಗಿ ಬರುತ್ತಾ ನೋಡು ಅಂತ ರುದರ್‌ಫೋರ್ಡ್ ಅವನಿಗೆ ಹೇಳಿದ್ದರು, ಬರುವುದಿಲ್ಲ ಅಂತಲೇ ಅಂದುಕೊಂಡು. ಅದಕ್ಕೆ ಕಾರಣವೂ ಇತ್ತು. ಥಾಮ್ಸನ್ ಹೇಳಿದ ಪರಮಾಣುವಿನಲ್ಲಿ ಧನ ಚಾರ್ಜು ಕಲ್ಲಂಗಡಿಯ ತಿರುಳಿನ ಹಾಗೆ ಎಲ್ಲ ಕಡೆ ಹರಡಿಕೊಂಡಿತ್ತು, ಎಲೆಕ್ಟ್ರಾನ್‌ಗಳು ನಡುನಡುವೆ ಬೀಜಗಳು. ಆಲ್ಫಾ ಕಣದ ತೂಕ ಎಲೆಕ್ಟ್ರಾನಿಗಿಂತ 7,000 ಪಟ್ಟಿಗೂ ಜಾಸ್ತಿ. ಅಂಥದ್ದನ್ನು ಹಿಂದಕ್ಕೆ ತಳ್ಳುವ ಬಲ ಅದರೊಳಗೆ ಎಲ್ಲಿಂದ ಬರಬೇಕು? ಆದರೂ ಕೆಲವು ತಿರುಗಿ ಬಂದವು. ಚಿನ್ನವಷ್ಟೇ ಅಲ್ಲ, ಬೇರೆ ಲೋಹಗಳನ್ನೂ ಇಟ್ಟು ನೋಡಿದ್ದರು; ಪ್ಲಾಟಿನಂ ತಗಡಿನಿಂದ ತಿರುಗಿ ಬಂದದ್ದು ಸುಮಾರು 8,000ಕ್ಕೆ ಒಂದು.

ಇಲ್ಲಿಂದ ಮುಂದಿನ ಸುಮಾರು ಎರಡು ವರ್ಷವನ್ನು ನಮ್ಮ ಪಾಠಗಳು ನುಂಗಿಬಿಡುತ್ತವೆ. ಅಳತೆ ಕೈಯಲ್ಲಿತ್ತು, ಅರ್ಥ ಆಗಿರಲಿಲ್ಲ. ಹಲವು ಸಣ್ಣ ಸಣ್ಣ ತಿರುವುಗಳು ಕೂಡಿಕೊಂಡು ಕಣ ಹಿಂದಕ್ಕೆ ಬಂದಿರಬಹುದಲ್ವಾ? ರುದರ್‌ಫೋರ್ಡ್ ಲೆಕ್ಕ ಹಾಕಿ ನೋಡಿದರೆ ಆ ಸಾಧ್ಯತೆ ತೀರಾ ಕಡಿಮೆ. ಒಂದೇ ಹೊಡೆತಕ್ಕೆ ತಿರುಗಬೇಕಾದರೆ ಚಾರ್ಜು ಬಹಳ ಚಿಕ್ಕ ಜಾಗದಲ್ಲಿ ಒತ್ತಿಕೊಂಡಿರಬೇಕು. 1911ರ ಅವರ ಲೇಖನ ಹೇಳಿದ್ದು ಅದನ್ನೇ. ತಮಾಷೆ ಏನಂದ್ರೆ, ನಡುವಿನ ಆ ಚಾರ್ಜು ಧನವೋ ಋಣವೋ ಅಂತ ಆ ಲೇಖನದಲ್ಲಿ ಅವರು ತೀರ್ಮಾನಿಸಿಯೇ ಇಲ್ಲ! ಯಾವ ಕೋನಕ್ಕೆ ಎಷ್ಟು ಕಣ ತಿರುಗಬೇಕು ಅಂತ ಮಾತ್ರ ಲೆಕ್ಕ ಕೊಟ್ಟರು. ಗೈಗರ್, ಮಾರ್ಸ್‌ಡೆನ್ ಮತ್ತೆ ಕೂತು ಎಣಿಸಿ, 1913ರಲ್ಲಿ ಅದು ಸರಿ ಅಂತ ತೋರಿಸಿದರು.

ಡಾಲ್ಟನ್ 1808ರಲ್ಲಿ ಪುಸ್ತಕ ಬರೆದ ಕೂಡಲೇ ಎಲ್ಲರೂ ಒಪ್ಪಿಕೊಂಡರು ಅನ್ನುವ ಹಾಗಿದೆ ನಿಮ್ಮ ಬರಹ. ಎಲ್ಲಿಯ ಮಾತು! ಅದಾಗಿ ಸುಮಾರು ನೂರು ವರ್ಷ ಕಳೆದರೂ, ಮುಂದೆ 1909ರಲ್ಲಿ ನೊಬೆಲ್ ಪಡೆದ ರಸಾಯನ ವಿಜ್ಞಾನಿ ಓಸ್ಟ್‌ವಾಲ್ಡ್‌ಗೇ ಪರಮಾಣು ಇದೆ ಅನ್ನುವ ನಂಬಿಕೆ ಇರಲಿಲ್ಲ. ನೀರಿನ ಅಣುಗಳ ಹೊಡೆತಕ್ಕೆ ಅಲೆಯುವ ಸೂಕ್ಷ್ಮ ಕಣಗಳನ್ನು ಭೌತವಿಜ್ಞಾನಿ ಪೆರಾಂ ಪ್ಯಾರಿಸ್‌ನಲ್ಲಿ ಅಳೆದು ತೋರಿಸಿದ್ದು, ಜೊತೆಗೆ ಥಾಮ್ಸನ್‌ರ ಕೆಲಸ, ಇವನ್ನೆಲ್ಲ ನೋಡಿದ ಮೇಲೆ ಒಪ್ಪಿದರು.

ಅಣುವಿನ ಮಾತಾಡಿದ ನಮ್ಮ ಪ್ರಾಚೀನ ಚಿಂತಕ ಕಣಾದನ ಹೆಸರು ಯಾಕಿಲ್ಲ ಅಂತಲೂ ನಿಮಗೆ ಪತ್ರಗಳು ಬಂದಿರುತ್ತವೆ, ಬಿಡಿ. ಧಾರಾಳವಾಗಿ ಹಾಕಿ, ಗ್ರೀಕರ ಡೆಮಾಕ್ರಿಟಸ್ ಹೆಸರನ್ನೂ ಹಾಕಿ. ಅವರದು ತರ್ಕ, ತೂಗಿ ಅಳೆದು ನೋಡಿದ್ದಲ್ಲ ಅಂತ ಒಂದು ಸಾಲು ಸೇರಿಸಿದರೆ ಸಾಕು.

ಇನ್ನು ಬರಹದ ನೆತ್ತಿಯ ಮೇಲಿನ ಚಿತ್ರ. ಸೂರ್ಯನ ಸುತ್ತ ಗ್ರಹದಂತೆ ಸುತ್ತುವ ಎಲೆಕ್ಟ್ರಾನ್ ನೋಡೋಕೆ ಚೆಂದ. ಬೋರ್ 1913ರಲ್ಲಿ ಹೈಡ್ರೋಜನ್ನಿನ ಬೆಳಕಿನ ಗೆರೆಗಳನ್ನು ಅದರಿಂದಲೇ ವಿವರಿಸಿದ್ದು ನಿಜ. ಎರಡೇ ಎಲೆಕ್ಟ್ರಾನ್ ಇರುವ ಹೀಲಿಯಂಗೆ ಬಂದರೆ ಲೆಕ್ಕ ಕೂಡಿ ಬರಲಿಲ್ಲ. 1926ರಲ್ಲಿ ಶ್ರೋಡಿಂಗರ್ ಸಮೀಕರಣ ಬಂದ ಮೇಲೆ ಇಂಥದ್ದೇ ದಾರಿಯಲ್ಲಿ ಎಲೆಕ್ಟ್ರಾನ್ ಸುತ್ತುತ್ತೆ ಅನ್ನುವ ಮಾತೇ ಹೋಯಿತು. ಚಿತ್ರ ಇರಲಿ, ಕೆಳಗೆ ‘ಇದು 1913ರ ಕಲ್ಪನೆ’ ಅಂತ ಬರೆಯಿರಿ.

ಮುಂದಿನ ಕಂತು ಚಾಡ್‌ವಿಕ್ ಮತ್ತು ನ್ಯೂಟ್ರಾನ್ ಅಂತ ಹಾಕಿದ್ದೀರಿ. ಅದರಲ್ಲಿ ಪ್ಯಾರಿಸ್‌ನ ಐರೀನ್ ಮತ್ತು ಫ್ರೆಡರಿಕ್ ಜೋಲಿಯೊ-ಕ್ಯೂರಿ ದಂಪತಿಯನ್ನು ದಯವಿಟ್ಟು ಬಿಡಬೇಡಿ. ಬೆರಿಲಿಯಂನಿಂದ ಹೊರಟ ವಿಕಿರಣ ಮೇಣದಿಂದ ಪ್ರೋಟಾನ್‌ಗಳನ್ನು ಹೊರಕ್ಕೆ ಹಾರಿಸಿದ್ದನ್ನು 1932ರ ಜನವರಿಯಲ್ಲಿ ಪ್ರಕಟಿಸಿದ್ದು ಅವರು, ಆದರೆ ಆ ವಿಕಿರಣ ಗಾಮಾ ಕಿರಣ ಅಂದುಕೊಂಡರು. ಗಾಮಾ ಕಿರಣಕ್ಕೆ ಅಷ್ಟು ಶಕ್ತಿ ಇರಲು ಸಾಧ್ಯವಿಲ್ಲ, ಇದು ಚಾರ್ಜಿಲ್ಲದ, ಪ್ರೋಟಾನಿನಷ್ಟೇ ತೂಕದ ಕಣ ಇರಬೇಕು ಅಂತ ಚಾಡ್‌ವಿಕ್ ಬರೆದದ್ದು ಮರು ತಿಂಗಳೇ, ಫೆಬ್ರುವರಿಯಲ್ಲಿ. ಎರಡನ್ನೂ ಅಕ್ಕಪಕ್ಕ ಹಾಕಿ.

– ನಿವೃತ್ತ ವಿಜ್ಞಾನ ಶಿಕ್ಷಕಿ, ತಿಪಟೂರು