ಶೈಲಾಳಿಗೆ, ಹುಡುಗನ ವಿಷಯ

ಬದಿಯಡ್ಕ

ಪ್ರೀತಿಯ ಶೈಲಾ,

ನಿನ್ನ ಕಾಗದ ತಲುಪಿತು. ಸುಮಂತನ ವೈರಲ್ ಲೋಡ್, ಅಂದರೆ ರಕ್ತದಲ್ಲಿ ಎಚ್.ಐ.ವಿ. ರೋಗಾಣುವಿನ ಪ್ರಮಾಣ, ಈ ಸಲವೂ ಪರೀಕ್ಷೆಗೆ ಸಿಗದಷ್ಟು ಕಡಿಮೆ ಉಂಟು ಎಂದು ಓದಿ ಸಮಾಧಾನವಾಯಿತು. ನಾದಿನಿಯ ಮಗನನ್ನು ನಿನ್ನ ಮಗನಂತೆ ಸಾಕುತ್ತಿದ್ದೀ. ಅದನ್ನು ಹೊಗಳಿ ಬರೆದರೆ ನಿನಗೆ ಸಿಟ್ಟು ಬರುತ್ತದೆ, ಬಿಡುತ್ತೇನೆ.

ಆದರೆ ಕೊನೆಯ ಪುಟದಲ್ಲಿ ಬರೆದದ್ದು ನನಗೆ ಹಿಡಿಸಲಿಲ್ಲ. ಯಕ್ಷಗಾನದ ಕ್ಲಾಸು ಬಿಡಿಸಿದ್ದು, ಕಬಡ್ಡಿ ಬೇಡವೆಂದದ್ದು, ಮಾತ್ರೆಯನ್ನು ವಿಟಮಿನ್ ಎಂದು ನಂಬಿಸಿದ್ದು. ಬಿದ್ದು ಮೊಣಕಾಲು ತರಚಿದರೆ ಎಂತ ಮಾಡುವುದು ಎನ್ನುತ್ತೀ. ಯಾರ ಮಗುವಿಗಾದರೂ ಮಾಡುವುದೇ: ಕೈಗೆ ಗ್ಲೌಸ್ ಹಾಕಿ, ನೀರು ಸೋಪಿನಲ್ಲಿ ತೊಳೆದು ಪಟ್ಟಿ ಕಟ್ಟುವುದು. ಜೊತೆಗೆ ಕುಣಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಕೆರೆಯಲ್ಲಿ ಈಜಿದರೆ ಇದು ಹರಡುವುದಿಲ್ಲ. ನಿನಗೆ ಗೊತ್ತಿಲ್ಲದ್ದಲ್ಲ.

ಇಷ್ಟು ವರ್ಷ ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡಿದವಳು ನಾನು. ಆಟದ ಪೀರಿಯಡ್ಡಿನಲ್ಲಿ ಬದಿಗೆ ಕೂರುವ ಮಗು ಜಗಳವಾಡಲು ಕಲಿಯುವುದಿಲ್ಲ, ರಾಜಿಯಾಗಲೂ ಕಲಿಯುವುದಿಲ್ಲ. ಎಚ್.ಐ.ವಿ. ಇರುವ ಮಕ್ಕಳ ಬೆಳವಣಿಗೆ ಕೆಲವೊಮ್ಮೆ ತಡ, ಎತ್ತರ ಕಡಿಮೆ. ಮಾತ್ರೆ ತರುವ ದಿನ ಶಾಲೆಯೂ ತಪ್ಪುತ್ತದೆ. ಇಷ್ಟರ ಮೇಲೆ ಗೆಳೆಯರನ್ನೂ ಕಸಿದರೆ ಅವನಿಗೆ ಉಳಿಯುವುದು ಮಾತ್ರೆ ಮಾತ್ರ.

ಶಾಲೆಯವರಿಗೆ ಹೇಳಬೇಕಾ ಎಂದು ಕೇಳಿದ್ದೀ. ಬೇಡ. 2017ರ ಎಚ್.ಐ.ವಿ. ಕಾನೂನು 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಈ ಕಾರಣಕ್ಕೆ ಶಾಲೆಗೆ ಸೇರಿಸದಿರುವುದು, ಹೊರಗೆ ಹಾಕುವುದು ಎರಡೂ ಕಾನೂನುಬಾಹಿರ. ಒಪ್ಪಿಗೆಯಿಲ್ಲದೆ ಈ ಗುಟ್ಟು ಹೊರಗೆ ಹೋಗಬಾರದೆಂದೂ ಅದರಲ್ಲೇ ಉಂಟು. ನಮ್ಮ ಕೇರಳದಲ್ಲೇ, ಕೊಲ್ಲಂ ಜಿಲ್ಲೆಯಲ್ಲಿ, ಎಚ್.ಐ.ವಿ. ಇದ್ದ ಇಬ್ಬರು ಎಳೆಯ ಮಕ್ಕಳನ್ನು ಶಾಲೆಯಿಂದ ದೂರವಿಟ್ಟಿದ್ದರು. 2003ರಲ್ಲಿ ಆಗಿನ ಕೇಂದ್ರ ಆರೋಗ್ಯ ಮಂತ್ರಿ ಸುಷ್ಮಾ ಸ್ವರಾಜ್ ಎಲ್ಲರೆದುರು ಅವರನ್ನು ಅಪ್ಪಿಕೊಂಡರು. ಆಗ ಅಂಥ ಕಾನೂನಿರಲಿಲ್ಲ. ಈಗ ಉಂಟು, ಆದರೆ ಊರಿನ ಬಾಯಿಗೆ ಕಾನೂನು ಬೀಗ ಹಾಕುವುದಿಲ್ಲ.

ಹುಡುಗನಿಗೆ ಹೇಳುವುದು ಬೇರೆ ಮಾತು. ದೊಡ್ಡವನಾಗಲಿ ಎನ್ನುತ್ತೀ. ಡಬ್ಬದ ಮೇಲಿನ ಇಂಗ್ಲಿಷನ್ನು ಈಗಲೇ ಕೂಡಿಸಿ ಓದುತ್ತಾನಂತೆ. ನಾಳೆ ಮದ್ದಿನ ಹೆಸರು ನೋಡಿ ಡೋಲುಟೆಗ್ರಾವಿರ್ ಎಂದು ಮೊಬೈಲಿನಲ್ಲಿ ಹುಡುಕಿದರೆ? ಆ ಮೇಲೆ ನಿನ್ನ ಯಾವ ಮಾತನ್ನು ನಂಬುತ್ತಾನೆ? ವಿಟಮಿನ್ ಆದರೆ ಒಂದು ದಿನ ಬಿಟ್ಟರೇನು ಎಂದು ಹದಿಹರೆಯದಲ್ಲಿ ಖಂಡಿತ ಕೇಳುತ್ತಾನೆ, ಮಾತ್ರೆ ಕಿಟಕಿಯಾಚೆ ಬೀಳುವುದೂ ಆ ಪ್ರಾಯದಲ್ಲೇ. ಶಾಲೆಗೆ ಹೋಗುವ ಪ್ರಾಯದ ಮಕ್ಕಳಿಗೆ ತಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿದೆ.

ಒಂದೇ ದಿನ ಎಲ್ಲ ಸುರಿಯಬೇಡ. ನಿನ್ನ ರಕ್ತದಲ್ಲಿ ಒಂದು ರೋಗಾಣು ಉಂಟು, ಮಾತ್ರೆ ಅದನ್ನು ಮಲಗಿಸಿಡುತ್ತದೆ, ಬಿಟ್ಟರೆ ಅದು ಏಳುತ್ತದೆ ಎಂದು ಶುರುಮಾಡು. ಅವನು ಕೇಳಿದಷ್ಟಕ್ಕೆ ಉತ್ತರ ಕೊಡು. ಹೆಸರು ಸ್ವಲ್ಪ ತಿಂಗಳು ಕಳೆದು ಬರಲಿ. ಎಲ್ಲಿಂದ ಬಂತು ಎಂದರೆ, ಹುಟ್ಟುವಾಗ ಅಮ್ಮನಿಂದ ಬಂತು, ಅವಳಿಗೂ ಗೊತ್ತಿರಲಿಲ್ಲ ಎನ್ನು. ಅಪ್ಪನ ಮೇಲೆ ನಿನಗಿರುವ ಸಿಟ್ಟು ಆ ಮಾತಿನೊಳಗೆ ನುಸುಳಬಾರದು. ಇದನ್ನು ಯಾರಿಗೆ ಹೇಳಬಹುದು, ಯಾರಿಗೆ ಬೇಡ ಎಂಬುದನ್ನೂ ಅವನೊಟ್ಟಿಗೇ ಕೂತು ತೀರ್ಮಾನಿಸು. ನಾಚಿಕೆಯಿಂದಲ್ಲ, ಅದು ಅವನ ಸ್ವಂತ ವಿಷಯವಾದ್ದರಿಂದ.

ಈ ಮದ್ದು ಕೊಡುವ ಎ.ಆರ್.ಟಿ. ಕೇಂದ್ರದ ಕೌನ್ಸಿಲರ್ ಮಲಯಾಳದಲ್ಲಿ ಮಾತಾಡಿದರೆ ಅವನು ತಲೆಯಾಡಿಸಿ ಸುಮ್ಮನಾಗುತ್ತಾನೆ ಎಂದೆಯಲ್ಲ. ತುಳುವೋ ಕನ್ನಡವೋ ಬರುವವರನ್ನು ಕೇಳು, ಸಂಕೋಚ ಬೇಡ. ಸಿಗದಿದ್ದರೆ ನೀನೇ ಮಧ್ಯೆ ಕೂತು ಕನ್ನಡದಲ್ಲಿ ಹೇಳು. ಇಂಥ ಮಾತು ಅರ್ಧಂಬರ್ಧ ಗೊತ್ತಾಗಬಾರದು.

ಇನ್ನೊಂದು, ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಖಾಲಿ ಹೊಟ್ಟೆಗೆ ಇದರೊಟ್ಟಿಗೇ ನುಂಗಿದರೆ ಈ ಮದ್ದು ಮೈಗೆ ಸರಿಯಾಗಿ ಹತ್ತುವುದಿಲ್ಲ. ರಾತ್ರಿ ಕೊಡುತ್ತೀಯಾದ್ದರಿಂದ ತೊಂದರೆ ಇರಲಾರದು, ಆದರೂ ಡಾಕ್ಟರರಲ್ಲಿ ಕೇಳಿಕೋ.

ಓಣಂ ರಜೆಗೆ ಅವನನ್ನು ಇಲ್ಲಿಗೆ ಕಳಿಸು. ಪಕ್ಕದ ಮನೆಯ ಮಕ್ಕಳು ಸಂಜೆ ಚೆಂಡೆ ಕಲಿಯಲು ಹೋಗುತ್ತಾರೆ, ಇವನೂ ಹೋಗಲಿ. ಡಬ್ಬ ಚೀಲದಲ್ಲಿರಲಿ, ಎಂಟು ಗಂಟೆಗೆ ನಾನು ಕೊಡುತ್ತೇನೆ. ಬರುವ ಮೊದಲು ರೋಗಾಣುವಿನ ಮಾತು ಶುರುಮಾಡಿರು. ನನ್ನಲ್ಲಿ ಕೇಳಿದರೆ ನಾನು ವಿಟಮಿನ್ ಎನ್ನುವವಳಲ್ಲ.

ನಿನ್ನ
ದೊಡ್ಡಮ್ಮ