ಅಲಾರ್ಮ್ ಕೇಬಲ್ಲನ್ನ ಗೋಡೆಗೆ ಯಾವುದರಿಂದ ಹಿಡಿಸ್ತೀರಿ ಅಂತಾನೂ ಕೇಳಿ

ಮಾನ್ಯ ಸಂಪಾದಕರೇ,

ಕಳ್ಳರ ಅಲಾರ್ಮ್, ಫೈರ್ ಅಲಾರ್ಮ್ ಬಗ್ಗೆ ಬರೋ ಲೇಖನಗಳೆಲ್ಲ ಯಾವ ಸೆನ್ಸರ್ ಒಳ್ಳೇದು, ಯಾವ ಪ್ಯಾನಲ್ (ಸೆನ್ಸರ್‌ಗಳಿಂದ ಸುದ್ದಿ ತಗೊಂಡು ಕೂಗೋ ಪೆಟ್ಟಿಗೆ) ತಗೋಬೇಕು ಅನ್ನೋದರಲ್ಲೇ ಮುಗಿದುಹೋಗತ್ತೆ, ಆ ಸೆನ್ಸರಿಂದ ಪ್ಯಾನಲ್ ತನಕ ಬರೋ ಸಣ್ಣ ಕೇಬಲ್ಲನ್ನ ಗೋಡೆಗೆ ಹೇಗೆ ಕೂರಿಸಬೇಕು ಅಂತ ಯಾರೂ ಬರೆಯಲ್ಲ. ನಾನು ಇದೇ ಕೆಲಸ ಮಾಡೋನು. ಹಳೇ ಸಿಸ್ಟಮ್ ರಿಪೇರಿಗೆ ಹೋದಾಗ ನನಗೆ ಪ್ಯಾನಲ್ ಕೆಟ್ಟಿರೋದಕ್ಕಿಂತ ಕೇಬಲ್ ಕೆಟ್ಟಿರೋದೇ ಜಾಸ್ತಿ ಸಿಗತ್ತೆ, ಅದೂ ಕೂರಿಸಿದ ರೀತಿಯಿಂದಲೇ ಕೆಟ್ಟಿರತ್ತೆ.

"12 ವೋಲ್ಟ್ ತಾನೇ, ಶಾಕ್ ಹೊಡೆಯಲ್ಲ, ಹೇಗೆ ಹಾಕಿದ್ರೂ ನಡಿಯತ್ತೆ" ಅನ್ನೋ ಮಾತು ಕೆಲಸದ ಜಾಗದಲ್ಲಿ ಯಾವಾಗಲೂ ಕೇಳ್ತೀನಿ. ಶಾಕ್ ಹೊಡೆಯಲ್ಲ, ನಿಜ. ಆದ್ರೆ ಸಾಮಾನ್ಯ ಅಲಾರ್ಮ್ ಕೇಬಲ್ಲಲ್ಲಿ ಒಂದೊಂದು ಕೋರ್ ಅಂದ್ರೆ 0.2 ಮಿ.ಮೀ. ದಪ್ಪದ 7 ತಂತಿ, ಎಲ್ಲ ಸೇರಿ 0.22 ಚದರ ಮಿ.ಮೀ. ತಾಮ್ರ ಅಷ್ಟೇ, ಮೇಲಿನ ಪ್ಲಾಸ್ಟಿಕ್ಕೂ ತೆಳು, ಲೈಟಿನ ವೈರ್ ತಡ್ಕೊಳ್ಳೋ ಪೆಟ್ಟನ್ನ ಇದು ತಡ್ಕೊಳ್ಳಲ್ಲ.

ನನಗೆ ಎಲ್ಲಕ್ಕಿಂತ ಭಯ ಸ್ಟೇಪಲ್ ಗನ್ ಕಂಡ್ರೆ. ಕುಶನ್ ಸೀಟಿಗೆ ಬಟ್ಟೆ ಹೊಡೆಯೋ ಚಪ್ಪಟೆ ಪಿನ್ನನ್ನೇ ಕೇಬಲ್ ಮೇಲೂ ಹೊಡ್ಕೊಂಡು ಹೋಗ್ತಾರೆ, ಒಂದು ಗಂಟೆಯಲ್ಲಿ ಕೆಲಸ ಮುಗಿಯತ್ತೆ, ನೋಡೋಕೂ ನೀಟಾಗಿರತ್ತೆ, ಆದ್ರೆ ಒಂದು ಪಿನ್ ಸ್ವಲ್ಪ ಜಾಸ್ತಿ ಒಳಗೆ ಹೋಗಿ ಎರಡು ಕೋರಿನ ಇನ್ಸುಲೇಶನ್ ಸೀಳಿದ್ರೆ ಏನಾಗತ್ತೆ ಅಂತ ಯೋಚನೆ ಮಾಡಿ. ಬಾಗಿಲಿನ ಕಾಂಟ್ಯಾಕ್ಟ್, ಅಂದ್ರೆ ಬಾಗಿಲು ತೆಗೆದದ್ದನ್ನ ಹಿಡಿಯೋ ಸೆನ್ಸರ್, ಸಾಮಾನ್ಯವಾಗಿ ಬಾಗಿಲು ಮುಚ್ಚಿದ್ದಾಗ ಸರ್ಕ್ಯೂಟ್ ಕೂಡಿಸಿ ಇಟ್ಟಿರತ್ತೆ, ತೆಗೆದಾಗ ಬಿಡತ್ತೆ, ಬಿಟ್ಟಾಗ ಪ್ಯಾನಲ್ ಕೂಗತ್ತೆ. ದಾರಿ ಮಧ್ಯೆ ಪಿನ್ ಆ ಎರಡು ಕೋರನ್ನ ಶಾರ್ಟ್ ಮಾಡಿಬಿಟ್ಟಿದ್ರೆ ಬಾಗಿಲು ಪೂರ್ತಿ ತೆಗೆದಿಟ್ರೂ ಪ್ಯಾನಲ್‌ಗೆ ಅದು ಮುಚ್ಚಿದ ಹಾಗೇ ಕಾಣತ್ತೆ! ದೀಪ ಹಸಿರಾಗೇ ಇರತ್ತೆ, ಮನೆಯವರು ನೆಮ್ಮದಿಯಾಗಿ ಮಲಗಿರ್ತಾರೆ, ಆ ಬಾಗಿಲಿಗೆ ಮಾತ್ರ ಕಾವಲೇ ಇಲ್ಲ.

ಇದಕ್ಕೇ ಲೈನ್ ಕೊನೆಯಲ್ಲಿ, ಅಂದ್ರೆ ಸೆನ್ಸರ್ ಒಳಗೆ, ರೆಸಿಸ್ಟರ್ (ಕರೆಂಟಿಗೆ ಗೊತ್ತಾದ ಅಳತೆಯ ತಡೆ ಕೊಡೋ ಸಣ್ಣ ಭಾಗ) ಹಾಕೋದು, ಪ್ಯಾನಲ್‌ಗೆ ತಕ್ಕ ಹಾಗೆ 2.2 ಕಿಲೋ ಓಮೋ 4.7 ಕಿಲೋ ಓಮೋ ಇರತ್ತೆ. ಶಾರ್ಟ್ ಆದ್ರೆ ಆ ತಡೆಯ ರೀಡಿಂಗ್ ಸೊನ್ನೆ ಹತ್ರ ಬರತ್ತೆ, ಪ್ಯಾನಲ್ ಫಾಲ್ಟ್ ತೋರಿಸತ್ತೆ. ಆದ್ರೆ ಎಷ್ಟೋ ಕಡೆ ಆ ರೆಸಿಸ್ಟರನ್ನ ಸೆನ್ಸರ್ ಒಳಗೆ ಹಾಕೋ ಬದಲು ಪ್ಯಾನಲ್ ಟರ್ಮಿನಲ್ಲಲ್ಲೇ ಸಿಕ್ಕಿಸಿ ಬಂದಿರ್ತಾರೆ, ಹಾಗೆ ಹಾಕಿದ್ರೆ ಅದು ಕೇಬಲ್ಲನ್ನ ಕಾಯೋದೇ ಇಲ್ಲ. ಪಿನ್ ಕೋರನ್ನ ಅರ್ಧ ಕತ್ತರಿಸಿದ್ರೆ ಇನ್ನೊಂಥರ ಕಾಟ, ಹಾಕಿದ ದಿನ ಎಲ್ಲ ಸರಿ ಇರತ್ತೆ, ತಿಂಗಳುಗಳು ಕಳೆದ ಮೇಲೆ ತೇವಕ್ಕೆ ತಾಮ್ರ ಕಿಲುಬು ಹಿಡಿದು ರಾತ್ರಿ ಹೊತ್ತು ಸುಮ್ಮಸುಮ್ಮನೆ ಕೂಗೋಕೆ ಶುರುವಾಗತ್ತೆ, ಮನೆಯವರು ಬೇಸತ್ತು ಆ ಝೋನನ್ನೇ, ಅಂದ್ರೆ ಆ ಸೆನ್ಸರಿನ ಲೈನನ್ನೇ, ಪ್ಯಾನಲ್ ಲೆಕ್ಕಕ್ಕೆ ತಗೊಳ್ಳದ ಹಾಗೆ ಬೈಪಾಸ್ ಮಾಡಿ ಇಡ್ತಾರೆ.

ಸ್ಟೇಪಲ್ ಬೇಡವೇ ಬೇಡ ಅಂತಿಲ್ಲ. ಮೇಲ್ಭಾಗ ಗುಂಡಗಿರೋ, ಕೇಬಲ್ ಅಳತೆಗೇ ಮಾಡಿದ ಪಿನ್ ಬರತ್ತೆ, ಪ್ಲಾಸ್ಟಿಕ್ ಹೊದಿಕೆ ಇರೋದೂ ಬರತ್ತೆ. ಮರದ ಚೌಕಟ್ಟಿನ ಮೇಲೆ, ಹೊಡೆದಾದ ಮೇಲೆ ಕೇಬಲ್ ಎಳೆದ್ರೆ ಸ್ವಲ್ಪ ಜಾರೋ ಹಾಗೆ ಇದ್ರೆ ನನ್ನ ತಕರಾರಿಲ್ಲ. ಆದ್ರೂ ನನ್ನ ಕೈಗೆ ಬಿಟ್ರೆ ಮೊಳೆ ಇರೋ ಪ್ಲಾಸ್ಟಿಕ್ ಕ್ಲಿಪ್ಪೇ, ಯಾಕಂದ್ರೆ ಮೊಳೆ ಕೇಬಲ್ ಪಕ್ಕಕ್ಕೆ ಹೋಗತ್ತೆ, ಮೇಲೆ ಬರಲ್ಲ. ಅಳತೆ ಸರಿಯಾಗಿ ತಗೋಬೇಕು ಅಷ್ಟೇ. ಸಣ್ಣ ಕೇಬಲ್‌ಗೆ ಅಡ್ಡ ಓಟದಲ್ಲಿ 25 ಸೆಂ.ಮೀ.ಗೆ ಒಂದು, ಮೇಲಿಂದ ಕೆಳಗಿನ ಓಟದಲ್ಲಿ 40 ಸೆಂ.ಮೀ.ಗೆ ಒಂದು ಕ್ಲಿಪ್ ಇದ್ರೆ ಕೇಬಲ್ ಜೋತುಬೀಳಲ್ಲ, ಮೂಲೆ ತಿರುಗೋ ಕಡೆ ಎರಡೂ ಬದಿ ಒಂದೊಂದು ಇರಲಿ.

ಗೋಡೆ ಯಾವುದು ಅಂತ ಮೊದಲು ನೋಡಬೇಕು. ಕಾಂಕ್ರೀಟಿಗೆ ಕ್ಲಿಪ್ಪಿನ ಮೊಳೆ ಹೋಗಲ್ಲ, ಬಗ್ಗತ್ತೆ, ಸುತ್ತಿಗೆ ಜಾರಿ ಕೇಬಲ್‌ಗೇ ಬೀಳತ್ತೆ, ಅಲ್ಲಿ ಡ್ರಿಲ್ ಮಾಡಿ ಪ್ಲಗ್ ಹಾಕಿ ಪೈಪನ್ನೋ ಕೇಸಿಂಗ್ ಪಟ್ಟಿಯನ್ನೋ (ಕೇಬಲ್ ಒಳಗೆ ಹಾಕಿ ಮುಚ್ಚೋ ಪ್ಲಾಸ್ಟಿಕ್ ಪಟ್ಟಿ) ಸ್ಕ್ರೂ ಮಾಡೋದೇ ಸರಿ. ಜಿಪ್ಸಮ್ ಬೋರ್ಡಲ್ಲಿ ಮೊಳೆ ನಿಲ್ಲಲ್ಲ. ಅಂಟಿಸೋ ಬೇಸು, ಡಬಲ್ ಸೈಡ್ ಟೇಪು, ಗ್ಲೂ ಗನ್ ಇವೆಲ್ಲ ಅಂಟೋದು ಗೋಡೆಗಲ್ಲ, ಗೋಡೆ ಮೇಲಿನ ಬಣ್ಣಕ್ಕೆ, ಬಣ್ಣ ಪುಡಿ ಉದುರಿದ್ರೆ ಅವೂ ಜೊತೆಗೇ ಉದುರತ್ತೆ. ಬಿಸಿಲು ಬೀಳೋ ಕಡೆ ಬಿಳಿ ಕೇಬಲ್ ಟೈ ಹಾಕಬೇಡಿ, ಪುಡಿಪುಡಿ ಆಗತ್ತೆ, ಬಿಸಿಲಿಗೇ ಅಂತ ಮಾಡಿದ ಕಪ್ಪು ಟೈ ತಗೊಳ್ಳಿ. ಫಾಲ್ಸ್ ಸೀಲಿಂಗ್ ಮೇಲೆ ಥರ್ಮಾಕೋಲ್ ಇದ್ರೆ ಪಿವಿಸಿ ಕೇಬಲ್ ಅದಕ್ಕೆ ತಾಗೋ ಹಾಗೆ ಬಿಡಬೇಡಿ, ಕೇಬಲ್ಲಿನ ಮೃದುತನ ಹೋಗಿ ಗಡುಸಾಗಿ ಬಿರುಕು ಬಿಡತ್ತೆ. ಕರೆಂಟ್ ಪೈಪಿಗೇ ಟೈ ಹಾಕಿ ಕಟ್ಟೋದು ಸುಲಭ, ಆದ್ರೆ ಕರೆಂಟ್ ಲೈನ್ ಜೊತೆ ಉದ್ದಕ್ಕೆ ಓಡಿದ್ರೆ ಇಂಟರ್‌ಫಿಯರೆನ್ಸ್ ಬರತ್ತೆ, ದೂರ ಇಡಿ, ದಾಟಲೇಬೇಕಾದ್ರೆ ನೇರ ಅಡ್ಡ ದಾಟಿಸಿ.

ಫೈರ್ ಅಲಾರ್ಮ್ ವಿಷಯದಲ್ಲಿ ಮಾತ್ರ ಇಷ್ಟೂ ಸಾಲದು. ಬ್ರಿಟನ್ನಿನಲ್ಲಿ 2005ರಲ್ಲಿ ಸ್ಟೀವನೇಜ್ ಊರಿನ ಹ್ಯಾರೋ ಕೋರ್ಟ್ ಕಟ್ಟಡಕ್ಕೂ, 2010ರಲ್ಲಿ ಸೌತಾಂಪ್ಟನ್ನಿನ ಶರ್ಲಿ ಟವರ್ಸಿಗೂ ಬೆಂಕಿ ಬಿದ್ದು ಎರಡೂ ಕಡೆ ಇಬ್ಬಿಬ್ಬರು ಅಗ್ನಿಶಾಮಕದವರು ಸತ್ತರು. ಪ್ಲಾಸ್ಟಿಕ್ ಪಟ್ಟಿ ಬಿಸಿಗೆ ಸೋತು ಕೇಬಲ್ ಕೆಳಗೆ ಜೋತುಬಿದ್ದು, ಹೊಗೆಯಲ್ಲಿ ಕಣ್ಣು ಕಾಣದೆ ಓಡಾಡ್ತಿದ್ದವರಿಗೆ ಸಿಕ್ಕಿಹಾಕ್ಕೊಳ್ತು. ಆಮೇಲೆ ಅಲ್ಲಿಯ ವೈರಿಂಗ್ ನಿಯಮ ಬದಲಾಯ್ತು, 2015ರಲ್ಲಿ ತಪ್ಪಿಸಿಕೊಳ್ಳೋ ದಾರಿಗಳಲ್ಲಿನ ಕೇಬಲ್‌ಗೆ, 2018ರ 18ನೇ ಆವೃತ್ತಿಯಲ್ಲಿ ಕಟ್ಟಡದ ಎಲ್ಲ ಕೇಬಲ್‌ಗೂ, ಬೆಂಕಿಯಲ್ಲಿ ಬೇಗ ಕಳಚಿ ಬೀಳದ ಹಿಡಿತ ಇರಲೇಬೇಕು ಅಂತ ಬಂತು. ಪಿವಿಸಿ ಪಟ್ಟಿಯೇ ಇದ್ರೂ ಪರವಾಗಿಲ್ಲ, ಅದರ ಒಳಗೆ ಅಲ್ಲಲ್ಲಿ ಲೋಹದ ಕ್ಲಿಪ್ಪಿಂದ ಕೇಬಲ್ಲನ್ನ ಗೋಡೆಗೇ ಹಿಡಿಸಿದ್ರೆ ಪಟ್ಟಿ ಕರಗಿದ ಮೇಲೂ ಕೇಬಲ್ ಮೇಲೇ ನಿಲ್ಲತ್ತೆ. ಇದಕ್ಕೆ ಆಗೋ ಖರ್ಚು ತುಂಬಾ ಕಮ್ಮಿ, ಆದ್ರೂ ಎಷ್ಟೋ ಜನ ಮಾಡಲ್ಲ, ಇದು ನನಗೆ ನಿಜಕ್ಕೂ ನೋವಾಗತ್ತೆ. ಅಮೆರಿಕದ ವೈರಿಂಗ್ ಕೋಡಿನಲ್ಲೂ ಫೈರ್ ಅಲಾರ್ಮ್ ಕೇಬಲ್ಲನ್ನ ಬೇರೆ ಕಾಂಡ್ಯೂಟಿನ (ವೈರಿನ ಪೈಪಿನ) ಹೊರಮೈಗೆ ಕಟ್ಟಿ ನಿಲ್ಲಿಸಬಾರದು ಅಂತಿದೆ.

ಅಲಾರ್ಮ್ ಹಾಕಿಸೋ ಓದುಗರು ಕೊಟೇಶನ್ನಲ್ಲೇ ಕೇಬಲ್ ಯಾವುದರಿಂದ ಹಿಡಿಸ್ತೀರಿ ಅಂತ ಬರೆಸಿಕೊಳ್ಳಿ. ಕೆಲಸ ಮುಗಿದ ದಿನ ಪ್ರತಿ ಬಾಗಿಲು ಕಿಟಕಿ ತೆಗೆದು ಪ್ಯಾನಲ್ಲಲ್ಲಿ ಬದಲಾವಣೆ ಬರತ್ತಾ ನೋಡಿ, ಪ್ರತಿ ಝೋನಿನ ರೀಡಿಂಗನ್ನ ಮಲ್ಟಿಮೀಟರಲ್ಲಿ ತೆಗೆಸಿ ಪ್ಯಾನಲ್ ಮುಚ್ಚಳದ ಒಳಗೆ ಬರೆಸಿ ಅಂಟಿಸಿ, ವರ್ಷ ಆದ ಮೇಲೆ ಸರ್ವಿಸ್‌ಗೆ ಬಂದೋರು ಅದೇ ಅಂಕಿ ಬರತ್ತಾ ಅಂತ ಹೋಲಿಸಿ ನೋಡಬಹುದು.

– ಒಬ್ಬ ಅಲಾರ್ಮ್ ಟೆಕ್ನಿಶಿಯನ್