ಪಾತ್ರಕ್ಕೆ ದುಡ್ಡು ಕಟ್ಟಿದವರು

ಆತ್ಮೀಯ ಕನ್ನಡ ಬಂಧುಗಳೇ,

ದಸರಾ ಸಂಚಿಕೆ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಗೊಂಬೆ ಕೂರಿಸಿದ ಮನೆಗಳ ಚಿತ್ರಗಳು ಇನ್ನೂ ಬರುತ್ತಲೇ ಇವೆ, ಈ ಪುಟವೊಂದು ಖಾಲಿ ಉಳಿದಿದೆ. ಜಂಬೂಸವಾರಿಯ ಬಗ್ಗೆ ಬರೆಯಲು ಕುಳಿತರೂ ಬೇಸಿಗೆಯಲ್ಲಿ ಕೇಳಿದ ಸಂಗತಿಯೊಂದು ಮನಸ್ಸನ್ನು ಬಿಡುತ್ತಿಲ್ಲ. ಅದನ್ನೇ ಬರೆಯುತ್ತೇನೆ.

ನಾವಿರುವ ಈ ಅಮೆರಿಕದ ಹಳೆಯ ರಂಗಮಂದಿರಗಳನ್ನು ನಡೆಸುವವರದೇ ಒಂದು ಒಕ್ಕೂಟವಿದೆ. ಲೀಗ್ ಆಫ್ ಹಿಸ್ಟಾರಿಕ್ ಅಮೆರಿಕನ್ ಥಿಯೇಟರ್ಸ್ ಎಂದು ಹೆಸರು, 1976ರಲ್ಲಿ ಹುಟ್ಟಿದ್ದು. ಪ್ರತಿವರ್ಷ ವ್ಯವಸ್ಥಾಪಕರು, ವಾಸ್ತುಶಿಲ್ಪಿಗಳು, ದುರಸ್ತಿ ಬಲ್ಲವರು ಒಂದೆಡೆ ಸೇರುತ್ತಾರೆ. ನಮ್ಮ ಸಂಘದ ಎಂಜಿನಿಯರ್ ಒಬ್ಬರು ಈ ಸಲ ಹೋಗಿ ಬಂದರು. ಸೋರುವ ಸೂರು, ಹಳೆಯ ವೈರಿಂಗ್, ಗಾಲಿಕುರ್ಚಿಯವರಿಗೆ ದಾರಿ, ಎಲ್ಲವೂ ಚರ್ಚೆಗೆ ಬಂದವಂತೆ. ಹೆಚ್ಚು ಹೊತ್ತು ನಡೆದ ಮಾತು ಮಾತ್ರ ಬೇರೆ: ಕಟ್ಟಡವನ್ನೇನೋ ಉಳಿಸಿದೆವು, ಇನ್ನು ದಿನವೂ ಅದರೊಳಗೆ ಆಡುವವರು ಯಾರು, ನೋಡುವವರು ಯಾರು?

ನಮ್ಮ ಒಹಾಯೊದ ಕ್ಲೀವ್‌ಲ್ಯಾಂಡಿನಲ್ಲೇ ಇದಕ್ಕೆ ಉತ್ತರವಿದೆ. ಪ್ಲೇಹೌಸ್ ಸ್ಕ್ವೇರ್‌ನಲ್ಲಿ 1921-22ರಲ್ಲಿ ತೆರೆದ ಐದು ರಂಗಮಂದಿರಗಳಲ್ಲಿ ನಾಲ್ಕು 1969ರ ಹೊತ್ತಿಗೆ ಬಾಗಿಲು ಹಾಕಿದ್ದವು. 1972ರಲ್ಲಿ ಎರಡನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಲು ಹೊರಟಿದ್ದರು. ಶಾಲಾ ಮಂಡಳಿಯಲ್ಲಿ ಕೆಲಸಕ್ಕಿದ್ದ ರೇ ಶೆಪರ್ಡ್‌ಸನ್ ಜನರನ್ನು ಕಲೆಹಾಕಿ, ಸ್ಟೇಟ್ ಥಿಯೇಟರಿನ ಮೊಗಸಾಲೆಯಲ್ಲೇ ಒಂದು ಸಂಗೀತ ಪ್ರದರ್ಶನ ಇಟ್ಟರು. ಕೆಲವೇ ವಾರ ಎಂದುಕೊಂಡಿದ್ದು ಎರಡು ವರ್ಷಕ್ಕೂ ಮೀರಿ ನಡೆಯಿತು. ಕಟ್ಟಡಗಳು ಉಳಿದವು.

ಇದನ್ನು ಮನೆಯಲ್ಲಿ ಹೇಳುತ್ತಿದ್ದಾಗ ಮಗಳು ಕೇಳಿದಳು: "ಅಪ್ಪ, ಮೈಸೂರಿನಲ್ಲಿ ನೀನು ನಾಟಕ ನೋಡಿದ ಜಾಗ ಈಗಲೂ ಇದೆಯಾ?"

ಇದೆ. ದೊಡ್ಡ ಗಡಿಯಾರದ ಪಕ್ಕದ ಪುರಭವನ, ದಿವಾನ್ ರಂಗಾಚಾರ್ಲು ಅವರ ನೆನಪಿಗೆ ಕಟ್ಟಿದ್ದು. ನಾನು ಅಲ್ಲಿ ನೋಡಿದ್ದು ದೊಡ್ಡ ಕಲಾವಿದರನ್ನಲ್ಲ, ಪಾಂಡವಪುರದ ಕಡೆಯ ನಮ್ಮ ದೊಡ್ಡಪ್ಪನನ್ನು. ಕಬ್ಬು ಬೆಳೆಯುವ ಮನುಷ್ಯ. ಊರಿನವರು ಸೇರಿ ಪೌರಾಣಿಕ ನಾಟಕ ಕಲಿತಿದ್ದರು. ಮಂಡ್ಯ ಸೀಮೆಯವರಿಗೆ ಗೊತ್ತು, ಅಲ್ಲಿ ಪಾತ್ರಧಾರಿಗೆ ಯಾರೂ ಸಂಭಾವನೆ ಕೊಡುವುದಿಲ್ಲ. ಪಾತ್ರಕ್ಕೆ ಅವನೇ ದುಡ್ಡು ಕಟ್ಟಬೇಕು. ದುರ್ಯೋಧನನ ಪಾತ್ರಕ್ಕೆ ಎಲ್ಲಕ್ಕಿಂತ ಹೆಚ್ಚು. ದೊಡ್ಡಪ್ಪ ಭತ್ತ ಮಾರಿ ಕಟ್ಟಿದ್ದರು. ಡ್ರಾಮಾ ಮೇಷ್ಟ್ರ ಸಂಬಳ, ಸೀನರಿಯ ಬಾಡಿಗೆ, ಪುರಭವನದ ಬಾಡಿಗೆ, ಎಲ್ಲವೂ ಆ ದುಡ್ಡಿನಿಂದಲೇ.

ಬಣ್ಣದ ಕೋಣೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮುಖಕ್ಕೆ ಅರ್ದಳ ಬಳಿದು, ಹುಬ್ಬು ತಿದ್ದಿ, ಮೀಸೆ ಅಂಟಿಸಿ, ಭುಜಕೀರ್ತಿ ಕಟ್ಟಿದ ಮೇಲೆ ನನಗೆ ಗುರುತೇ ಸಿಗಲಿಲ್ಲ. ಜರಿಯ ಪೋಷಾಕಿನ ಕೆಳಗೆ ಒಡೆದ ಹಿಮ್ಮಡಿ ಕಂಡಾಗಲೇ ಇವರು ನಮ್ಮವರು ಎಂದು ಧೈರ್ಯ ಬಂದದ್ದು. ರಂಗದ ಮೇಲೆ ಕಾಲು ಹಾರ್ಮೋನಿಯಂ ಶ್ರುತಿ ಹಿಡಿಯಿತು, ದೊಡ್ಡಪ್ಪ ಕಂದಪದ್ಯ ಎತ್ತಿಕೊಂಡರು. ಹಿಂದಿನ ಸಾಲುಗಳಿಂದ "ಒನ್ಸ್ ಮೋರ್" ಎಂಬ ಕೂಗು. ಮತ್ತೆ ಹಾಡಿದರು, ಇನ್ನೂ ಮೇಲಿನ ಸ್ವರದಲ್ಲಿ. ಯಾರೋ ಬಂದು ಎದೆಗೆ ನೋಟು ಚುಚ್ಚಿದರು. ಹೆಂಗಸರ ಸಾಲಿನಲ್ಲಿ ದೊಡ್ಡಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಬೆಳಗಿನ ಜಾವ ಲಾರಿ ಹತ್ತಿ ಹೋದವರು ಹತ್ತು ಗಂಟೆಗೆ ಗದ್ದೆಗೆ ನೀರು ಕಟ್ಟುತ್ತಿದ್ದರಂತೆ.

ಚಾಮರಾಜ ಒಡೆಯರ ಕಾಲದಲ್ಲಿ ಮೈಸೂರಿನ ರಂಗಭೂಮಿಗೆ ಅರಮನೆಯ ಆಸರೆಯಿತ್ತು. ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದದ್ದು ಆ ಆಸರೆಯಲ್ಲಿ. ಆಮೇಲಿನ ಆಸರೆ ಇಂಥ ದೊಡ್ಡಪ್ಪಂದಿರದು. ಇದನ್ನು ನಾವು ಸಾಕಷ್ಟು ಹೇಳುವುದಿಲ್ಲ ಎಂಬುದು ನನ್ನ ಸಂಕಟ. ಕಟ್ಟಡ ಬಿದ್ದಾಗ, ಮುಚ್ಚಿದಾಗ ಮಾತ್ರ ನಮ್ಮ ಮಾತು. 2012ರಲ್ಲಿ ಮೈಸೂರಿನ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜೀವಗಳು ಹೋದವು. 2016ರಲ್ಲಿ ಅಲ್ಲಿನ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. 2020ರಲ್ಲಿ ಶಾಂತಲಾ ಚಿತ್ರಮಂದಿರ ಮುಚ್ಚಿದಾಗ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ರಾತ್ರಿಯಿಡೀ ನೆನಪುಗಳು ಹರಿದವು. ನೆನಪು ಬೇಕು, ಟಿಕೆಟ್ಟೂ ಬೇಕು. ಡಿಸೆಂಬರ್ ರಜೆಗೆ ಊರಿಗೆ ಹೋಗುವವರು ಮದುವೆ, ಷಾಪಿಂಗ್ ನಡುವೆ ಒಂದು ಸಂಜೆಯನ್ನು ನಾಟಕಕ್ಕೆ ಎತ್ತಿಡಿ. ಬಿ. ವಿ. ಕಾರಂತರು 1989ರಲ್ಲಿ ಕಟ್ಟಿದ ಮೈಸೂರಿನ ನಾಟಕಸಂಸ್ಥೆ ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ಮಕ್ಕಳನ್ನು ಕೂರಿಸಿ. ಪುರಭವನದಲ್ಲಿ ಪೌರಾಣಿಕ ನಾಟಕವಿದ್ದರೆ ಬಿಡಲೇಬೇಡಿ, ಭಾಷೆ ಅರ್ಥವಾಗದಿದ್ದರೂ ಮಕ್ಕಳು ಗದೆಯ ಕಾಳಗ ನೋಡುತ್ತಾರೆ.

ಇನ್ನು ಪ್ರಕಟಣೆಗಳು, ಜಾಗ ಕಡಿಮೆ ಇದೆ. ರಾಜ್ಯೋತ್ಸವ ನವೆಂಬರ್ ಮೊದಲ ಶನಿವಾರ ಮಧ್ಯಾಹ್ನ, ಊಟಕ್ಕೆ ಹೆಸರು ಮೊದಲೇ ಕೊಡಿ. ಗೊಂಬೆ ಸ್ಪರ್ಧೆಯ ಫಲಿತಾಂಶ ಅಂದೇ. ಕನ್ನಡ ಕಲಿ ತರಗತಿ ಭಾನುವಾರ ಹತ್ತು ಗಂಟೆಗೆ, ದೀಪಾವಳಿಯ ವಾರ ರಜೆ. ಸದಸ್ಯತ್ವ ನವೀಕರಿಸದವರು ದಯವಿಟ್ಟು ನವೀಕರಿಸಿ. ಹಳೆಯ ನಾಟಕದ ಕರಪತ್ರ, ಫೋಟೊ ಇದ್ದವರು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

ರಾಜ್ಯೋತ್ಸವದ ನಾಟಕಕ್ಕೆ ಇನ್ನೂ ಇಬ್ಬರು ಪಾತ್ರಧಾರಿಗಳು, ಒಬ್ಬ ಹಾರ್ಮೋನಿಯಂ ನುಡಿಸುವವರು, ಪರದೆ ಕಟ್ಟಲು ನಾಲ್ಕು ಕೈಗಳು ಬೇಕು. ಈ ಸುದ್ದಿಪತ್ರದ ಪುಟ ಜೋಡಿಸಲು, ಅಕ್ಷರ ತಿದ್ದಲು ಕೂಡ ಯಾರಾದರೂ ಬನ್ನಿ. ಕಚೇರಿ ಮುಗಿಸಿ ನಡುರಾತ್ರಿಯವರೆಗೆ ಇದನ್ನು ಒಬ್ಬನೇ ಮಾಡುವುದು ನಿಜವಾಗಿಯೂ ಕಷ್ಟವಾಗುತ್ತಿದೆ. ತಾಲೀಮು ಪ್ರತಿ ಶುಕ್ರವಾರ ಸಂಜೆ ಏಳಕ್ಕೆ, ಕಾಫಿ ಇರುತ್ತದೆ.

ನಿಮ್ಮ ಸಂಪಾದಕ